ಬೇಕಾದದ್ದೆಲ್ಲ ಸಾಕಾದದ್ದಲ್ಲ

‘ಮಳೆ ಬಂದರೆ ಬೆಳೆ ಬರುತ್ತದೆ’, ‘ಮಳೆ ಬಂದರೆ ಮಾತ್ರ ಬೆಳೆ ಬರುತ್ತದೆ’. ಈ ಎರಡು ವಾಕ್ಯಗಳ ನಡುವಿನ ಅಂತರ ಒಂದೇ ಪದದ್ದು. ಮೊದಲನೆಯದರ ಪ್ರಕಾರ ಬೆಳೆಗೆ ಮಳೆಯೊಂದೇ ಸಾಕು. ಎರಡನೆಯದರ ಪ್ರಕಾರ ಮಳೆ ಬೇಕೇ ಬೇಕು. ಆದರೆ ಅದೊಂದೇ ಸಾಕೆಂಬ ಭರವಸೆಯಿಲ್ಲ. ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ದುಂಡಸಿಯಂತಹ ಊರಿನಲ್ಲಿ ಗೋವಿನಜೋಳ ಬಿತ್ತುವ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅದೇ ರೈತನ ಮಗಳು ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವಾಗ ಮಾತ್ರ ತರ್ಕದ ಪ್ರಶ್ನೆ ಆಕೆಗೆ ಕಬ್ಬಿಣದ ಕಡಲೆಯಾಗುತ್ತದೆ. ಏಕೆ?

ತರ್ಕಶಾಸ್ತ್ರ ಇವೆರಡನ್ನು ಅವಶ್ಯಕ ನಿಬಂಧನೆ, ಸಾಕಾಗುವ ನಿಬಂಧನೆ ಎಂದು ವಿಂಗಡಿಸುತ್ತದೆ. ‘ಇದಿಲ್ಲದೆ ಅದು ಸಾಧ್ಯವೇ?’ ಎಂಬ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಅದು ಅವಶ್ಯಕ. ‘ಇದೊಂದಿದ್ದೂ ಅದು ತಪ್ಪಬಹುದೇ?’ ಎಂಬುದಕ್ಕೆ ‘ಇಲ್ಲ’ ಎಂದಾದರೆ ಅದು ಸಾಕಾಗುವಂಥದ್ದು. ನಮ್ಮ ನೈಯಾಯಿಕರು ಇದನ್ನು ಹೊಗೆ ಮತ್ತು ಬೆಂಕಿಯ ಉದಾಹರಣೆಯಲ್ಲಿ ವಿವರಿಸಿದ್ದರು. ಹೊಗೆ ಕಂಡರೆ ಬೆಂಕಿಯನ್ನು ಊಹಿಸಬಹುದು. ಬೆಂಕಿ ಕಂಡ ಮಾತ್ರಕ್ಕೆ ಹೊಗೆಯನ್ನು ಊಹಿಸಲಾಗದು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯೇಳಲು ಹಸಿ ಸೌದೆಯೂ ಬೇಕು. ಈ ಹೆಚ್ಚುವರಿ ನಿಬಂಧನೆಯನ್ನೇ ಅವರು ‘ಉಪಾಧಿ’ ಎಂದು ಕರೆದರು.

ಪರೀಕ್ಷಾ ಲೋಕದಲ್ಲೇ ಒಳ್ಳೆಯ ನಿದರ್ಶನವಿದೆ. ಕೇಂದ್ರ ಲೋಕಸೇವಾ ಆಯೋಗವು 2011ರಲ್ಲಿ ಪೂರ್ವಭಾವಿ ಪರೀಕ್ಷೆಗೆ ‘ಸಿ-ಸ್ಯಾಟ್’ ಪತ್ರಿಕೆಯನ್ನು ಸೇರಿಸಿತು. 2015ರಿಂದ ಅದು ಕೇವಲ ಅರ್ಹತಾ ಪತ್ರಿಕೆ. ‘ಅದರಲ್ಲಿ ಶೇ 33 ಅಂಕ ಬಂದರೆ ಸಾಕು’ ಎಂಬುದು ಅಭ್ಯರ್ಥಿಗಳ ವಾಡಿಕೆಯ ಮಾತು. ತರ್ಕದ ಕಣ್ಣಿನಲ್ಲಿ ಅದು ‘ಸಾಕು’ ಅಲ್ಲ, ‘ಬೇಕು’. ಮೊದಲ ಪತ್ರಿಕೆಯ ಅಂಕ ಕೈಕೊಟ್ಟರೆ ಈ ಶೇ 33 ಯಾರನ್ನೂ ದಡ ಸೇರಿಸದು.

ಗೊಂದಲ ನಮ್ಮ ಮಕ್ಕಳಿಗಷ್ಟೇ ಸೀಮಿತವಲ್ಲ. ಬ್ರಿಟನ್ನಿನ ಮನೋವಿಜ್ಞಾನಿ ಪೀಟರ್ ವೇಸನ್ 1966ರಲ್ಲಿ ಪ್ರಕಟಿಸಿದ ನಾಲ್ಕು ಕಾರ್ಡುಗಳ ಸಮಸ್ಯೆಯಲ್ಲಿ ಸುಶಿಕ್ಷಿತರೂ ಬಹುಪಾಲು ಎಡವಿದರು. ಅಕ್ಷರ ಮತ್ತು ಅಂಕಿಗಳ ಬದಲು ಮದ್ಯಪಾನ ಮತ್ತು ವಯಸ್ಸಿನ ನಿಯಮವನ್ನು ಇಟ್ಟು ಗ್ರಿಗ್ಸ್ ಮತ್ತು ಕಾಕ್ಸ್ 1982ರಲ್ಲಿ ಅದೇ ಬಗೆಯ ಪ್ರಶ್ನೆ ಕೇಳಿದಾಗ ಹೆಚ್ಚಿನವರು ಸರಿಯಾಗಿ ಉತ್ತರಿಸಿದರು. ಕೊರತೆ ಬುದ್ಧಿಯದಲ್ಲ, ಪ್ರಶ್ನೆ ತೊಟ್ಟ ವೇಷ ಅಪರಿಚಿತ, ಅಷ್ಟೆ.

ಭಾಷೆಯ ಪ್ರಶ್ನೆ ಏಳುವುದು ಇಲ್ಲಿಯೇ. ಸಿ-ಸ್ಯಾಟ್ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇರುತ್ತದೆ. ರಾಜ್ಯದ ಪರೀಕ್ಷೆಗಳಲ್ಲಿ ಕನ್ನಡವುಂಟು, ಆದರೆ ಎಂಥ ಕನ್ನಡ? ಕರ್ನಾಟಕ ಲೋಕಸೇವಾ ಆಯೋಗವು 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ ಅನುವಾದದ ದೋಷಗಳು ಎಷ್ಟಿದ್ದವೆಂದರೆ, ಸರ್ಕಾರವೇ ಮರುಪರೀಕ್ಷೆಗೆ ಸೂಚಿಸಬೇಕಾಯಿತು. ಡಿಸೆಂಬರ್ 29ರಂದು ನಡೆದ ಮರುಪರೀಕ್ಷೆಯ ಬಗೆಗೂ ಅದೇ ದೂರು ಕೇಳಿಬಂತು. ಇತಿಹಾಸದ ಪ್ರಶ್ನೆಯಲ್ಲಿ ಅನುವಾದ ಒರಟಾದರೂ ಅಭ್ಯರ್ಥಿ ಅರ್ಥವನ್ನು ಊಹಿಸಿಕೊಳ್ಳಬಲ್ಲ. ತರ್ಕದ ಪ್ರಶ್ನೆಯಲ್ಲಿ ಒಂದು ‘ಮಾತ್ರ’ ಬಿಟ್ಟುಹೋದರೆ, ‘ಬಂದರೆ’ ಎಂಬುದು ‘ಬಂದರೂ’ ಆದರೆ ಸರಿಯುತ್ತರವೇ ಬದಲಾಗುತ್ತದೆ.

ಈ ವಿವೇಚನೆ ಪರೀಕ್ಷಾ ಕೊಠಡಿಯಾಚೆಗೂ ಬೇಕಾದದ್ದು. 2016ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ‘ಕಂತು ಕಟ್ಟಿದರೆ ಪರಿಹಾರ’ ಎಂದು ನಂಬಿದ ರೈತ ನಿರಾಶನಾಗುವುದುಂಟು. ಕಂತು ಕಟ್ಟುವುದು ಅವಶ್ಯಕ. ಆದರೆ ಇಳುವರಿ ಆಧಾರದ ಪರಿಹಾರಕ್ಕೆ ತನ್ನ ಹೊಲ ಒಣಗಿದರೆ ಸಾಲದು, ಇಡೀ ಅಧಿಸೂಚಿತ ಘಟಕದ ಸರಾಸರಿ ಇಳುವರಿ ನಿಗದಿತ ಮಟ್ಟಕ್ಕಿಂತ ಕುಸಿಯಬೇಕು. ಪ್ರಚಾರದಲ್ಲಿ ‘ಸಾಕು’ ಎಂದು ಕೇಳಿಸಿದ್ದು ನಿಯಮದಲ್ಲಿ ‘ಬೇಕು’ ಆಗಿರುತ್ತದೆ.

ಬೇಕು, ಸಾಕು ಎಂಬ ಎರಡು ಪುಟ್ಟ ಪದಗಳಲ್ಲಿ ಕನ್ನಡ ಈ ಭೇದವನ್ನು ಎಂದೋ ಹಿಡಿದಿಟ್ಟಿದೆ. ತರ್ಕದ ಪ್ರಶ್ನೆಗಳನ್ನು ಇಂಗ್ಲಿಷಿನಿಂದ ಎಳೆದು ತರುವ ಬದಲು ಕನ್ನಡದಲ್ಲಿಯೇ ಚಿಂತಿಸಿ ರಚಿಸುವುದು ಆಯೋಗಕ್ಕೆ ಅಸಾಧ್ಯವೇನಲ್ಲ. ಅದರಿಂದಲೇ ಗ್ರಾಮೀಣ ಅಭ್ಯರ್ಥಿಗೆ ಪೂರ್ಣ ನ್ಯಾಯ ಸಿಗುತ್ತದೆ ಎನ್ನಲಾಗದು. ಆದರೆ ಅದಿಲ್ಲದೆ ನ್ಯಾಯ ಸಿಗದು.