ಕಿಟಕಿಯೇ ಸ್ಟುಡಿಯೊ, ಪಂಚೆಯೇ ಪರದೆ

ಚನ್ನಪಟ್ಟಣದ ಮರದ ಗೊಂಬೆಯನ್ನು ಕೈಗೆತ್ತಿಕೊಂಡವರು ಮೊದಲು ಮೆಚ್ಚುವುದು ಅದರ ಹೊಳಪನ್ನು. ಮೊಬೈಲ್ ಕ್ಯಾಮೆರಾಗೆ ಮಾತ್ರ ಆ ಹೊಳಪು ಕಂಡರಾಗದು. ಕೆಂಪು ಬುಗುರಿಯೊಂದನ್ನು ಮೇಜಿನ ಮೇಲಿಟ್ಟು ಕ್ಲಿಕ್ಕಿಸಿ ನೋಡಿ. ಬುಗುರಿಯ ಹೊಟ್ಟೆಯ ಮೇಲೆ ಉದ್ದಕ್ಕೆ ಟ್ಯೂಬ್‌ಲೈಟ್ ಮಲಗಿರುತ್ತದೆ, ಅದರ ಕೆಳಗೆ ಫೋಟೊ ತೆಗೆಯುವವರ ತಲೆ, ಇನ್ನೂ ಕೆಳಗೆ ಹಾಸಿದ ಬೆಡ್‌ಶೀಟಿನ ಹೂವು. ಬುಗುರಿ ಎಲ್ಲಿದೆ ಎಂದು ಹುಡುಕಬೇಕು.

ನಮ್ಮ ಮನೆಯಲ್ಲಿ ಈ ಸಮಸ್ಯೆಗೆ ಹೊಟ್ಟೆಪಾಡಿನ ನಂಟಿದೆ. ಅಪ್ಪನದು ಒಂದೇ ಲೇತ್‌ನ ಸಣ್ಣ ಕಾರ್ಖಾನೆ, ಅಂದರೆ ಮನೆಗೆ ಅಂಟಿಕೊಂಡ ಶೀಟಿನ ಕೋಣೆ. ಆಲೆ ಮರದ ತುಂಡು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೊನೆಗೆ ತಾಳೆಗರಿ ಹಿಡಿದರೆ ಹೊಳಪು. ಹೀಗೆ ಆದ ಗಿಲಕಿ, ಬುಗುರಿ, ಉಂಗುರ ಜೋಡಿಸುವ ಆಟಿಕೆಗಳೆಲ್ಲ ಹಳೆಯ ಬೆಂಗಳೂರು–ಮೈಸೂರು ರಸ್ತೆಯ ಅಂಗಡಿಗಳಿಗೆ ಹೋಗುತ್ತಿದ್ದವು. 2023ರ ಮಾರ್ಚ್‌ನಲ್ಲಿ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಕಾರುಗಳು ಊರನ್ನು ಬಳಸಿಕೊಂಡು ಹೊರಗಿನಿಂದಲೇ ಹೋಗತೊಡಗಿದವು. ದಾರಿಯಲ್ಲಿ ನಿಲ್ಲಿಸಿ ಮಗುವಿಗೊಂದು ಆಟಿಕೆ ಕೊಳ್ಳುವವರು ಕಡಿಮೆಯಾದರು, ಅಂಗಡಿಯವರು ನಮಗೆ ಕೊಡುವ ಆರ್ಡರೂ ಇಳಿಯಿತು. ಲೇತ್ ವಾರಕ್ಕೆ ಎರಡು ದಿನ ಓಡಿದರೆ ಹೆಚ್ಚು ಎನ್ನುವ ಸ್ಥಿತಿ ಬಂತು.

ಬಿ.ಕಾಂ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದ ನನಗೆ ಹೊಳೆದದ್ದು ಎಲ್ಲರಿಗೂ ಹೊಳೆಯುವ ಉಪಾಯವೇ: ಆನ್‌ಲೈನ್‌ನಲ್ಲಿ ಮಾರೋಣ. ಅದಕ್ಕೆ ಫೋಟೊ ಬೇಕು. ವಿಚಾರಿಸಿದ ಸ್ಟುಡಿಯೊದವರು ಒಂದು ವಸ್ತುವಿಗೆ 250 ರೂಪಾಯಿ ಹೇಳಿದರು. ನಮ್ಮ ಗಿಲಕಿಯ ಬೆಲೆಯೇ 80 ರೂಪಾಯಿ! ಅಂಥ 60 ಬಗೆಯ ವಸ್ತುಗಳಿದ್ದವು. ಅಪ್ಪ ಲೆಕ್ಕ ಕೇಳಿ, "ಅಷ್ಟು ದುಡ್ಡಲ್ಲಿ ಒಂದು ಲೋಡು ಮರ ಬರ್ತದೆ ಮಗಾ" ಎಂದು ಎದ್ದು ಹೋದರು. ಅಲ್ಲಿಗೆ ಸ್ಟುಡಿಯೊ ಮಾತು ಮುಗಿಯಿತು. ಮನೆಯಲ್ಲಿರುವುದರಲ್ಲೇ ಏನಾಗುತ್ತದೆ ನೋಡಬೇಕಿತ್ತು.

ಹೈಸ್ಕೂಲಿನಲ್ಲಿ ಪೀನ ದರ್ಪಣ ಓದಿದ್ದು ನೆನಪಿದೆಯೇ? ಅಂಕಕ್ಕಾಗಿ ಬಾಯಿಪಾಠ ಮಾಡಿದ ಆ ಪಾಠ ನನಗೆ ಉಪಯೋಗಕ್ಕೆ ಬಂದದ್ದು ಇಲ್ಲಿ. ಅರಗು ಹಚ್ಚಿದ ದುಂಡನೆಯ ಗೊಂಬೆ ಪೀನ ದರ್ಪಣವೇ. ಕೋಣೆಯ ಮುಕ್ಕಾಲು ಭಾಗವನ್ನು ಅದು ತನ್ನ ಮೈಮೇಲೆ ಚಿಕ್ಕದಾಗಿ ತೋರಿಸುತ್ತದೆ. ಹಾಗಾಗಿ ಹೊಳೆಯುವ ವಸ್ತುವಿನ ಮೇಲೆ ಎಷ್ಟು ಬೆಳಕು ಬಿಡಬೇಕು ಎನ್ನುವುದಕ್ಕಿಂತ, ಅದರ ಎದುರಿಗೆ ಏನಿರಬೇಕು ಎನ್ನುವುದೇ ಮುಖ್ಯ ಪ್ರಶ್ನೆ. ಎದುರಿಗೆ ಸಣ್ಣ ಬಲ್ಬ್ ಇದ್ದರೆ ಕಣ್ಣು ಕುಕ್ಕುವ ಒಂದು ಚುಕ್ಕೆ. ಅಗಲವಾದ ಬಿಳಿ ಪರದೆ ಇದ್ದರೆ ಹಾಲಿನಂಥ ಮೃದುವಾದ ಒಂದು ಪಟ್ಟಿ. ಆ ಪಟ್ಟಿಯಿಂದಲೇ ನೋಡುವವರಿಗೆ ಇದು ದುಂಡಗಿದೆ, ನುಣುಪಾಗಿದೆ ಎಂದು ತಿಳಿಯುವುದು. ಹೊಳಪನ್ನು ಪೂರ್ತಿ ಅಳಿಸಿದರೆ ಗೊಂಬೆ ಪ್ಲಾಸ್ಟಿಕ್ಕಿನಂತೆ ಸಪ್ಪೆಯಾಗುತ್ತದೆ.

ಅಗಲವಾದ ಬಿಳಿ ಪರದೆ ಎಂದರೆ ನಮ್ಮ ಮನೆಯಲ್ಲಿ ಅಪ್ಪನ ಪಂಚೆ. ನಡುಮನೆಯ ಕಿಟಕಿಗೆ ಅದನ್ನು ಎರಡು ಮಡಿಕೆ ಮಾಡಿ ಕಟ್ಟಿದೆ. ಕಿಟಕಿ ಪಕ್ಕಕ್ಕೆ ಬರುವಂತೆ ಮೇಜು ಹಾಕಿದೆ. ಅಷ್ಟಕ್ಕೇ ಅರ್ಧ ಕೆಲಸ ಆಯಿತು. ಪಂಚೆ ಆರಿಸುವಾಗ ಅಂಚಿರುವುದು ಬೇಡ, ಹಸಿರು ಅಂಚು ನೇರವಾಗಿ ಬುಗುರಿಯ ಮೇಲೆ ಗೆರೆಯಾಗಿ ಕೂರುತ್ತದೆ. ಒಗೆಯುವಾಗ ನೀಲಿ ಹೆಚ್ಚಾಗಿ ಹಾಕಿದ ಬಟ್ಟೆಯೂ ಬೇಡ.

ಕಿಟಕಿಯ ದಿಕ್ಕಿನ ಬಗ್ಗೆ ಒಂದು ಮಾತು. ಉತ್ತರದ ಕಿಟಕಿಯಲ್ಲಿ ನೇರ ಬಿಸಿಲು ಬೀಳುವುದಿಲ್ಲ, ವರ್ಷವಿಡೀ ತಂಪು ಬೆಳಕು ಎಂದು ಇಂಗ್ಲಿಷ್ ಪುಸ್ತಕಗಳು ಹೇಳುತ್ತವೆ. ಅದು ಯುರೋಪಿನವರ ಮಾತು. ನಮ್ಮ ಕಡೆ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಯಲ್ಲೂ ಬೆಳಿಗ್ಗೆ, ಸಂಜೆ ಓರೆ ಬಿಸಿಲು ಒಳಗೆ ಬರುತ್ತದೆ. ಮೋಡ ಕವಿದ ದಿನ ಸಿಕ್ಕಿದರೆ ಬಿಡಬೇಡಿ, ಆಕಾಶವೇ ಪಂಚೆಯಾಗಿರುತ್ತದೆ.

ಕಿಟಕಿ ಒಂದೇ ಬದಿಗೆ ಇರುವುದರಿಂದ ಗೊಂಬೆಯ ಇನ್ನೊಂದು ಬದಿ ಕತ್ತಲು. ಅಲ್ಲಿ ಥರ್ಮಾಕೋಲ್ ಹಾಳೆ ನಿಲ್ಲಿಸಿದರೆ ಕಿಟಕಿಯ ಬೆಳಕನ್ನೇ ಅದು ಹಿಂದಕ್ಕೆ ಚೆಲ್ಲುತ್ತದೆ. ಟಿ.ವಿ. ಪ್ಯಾಕಿಂಗ್‌ನಲ್ಲಿ ಬಂದ ತುಂಡಾದರೂ ಸರಿ. ಹತ್ತಿರ ತಂದರೆ ನೆರಳು ತಿಳಿಯಾಗುತ್ತದೆ, ದೂರ ಸರಿಸಿದರೆ ಗಾಢವಾಗುತ್ತದೆ. ನನ್ನ ರುಚಿಗೆ ಸ್ವಲ್ಪ ನೆರಳು ಉಳಿದರೇ ಚೆಂದ.

ಇನ್ನು ಹಿನ್ನೆಲೆ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ದೊಡ್ಡ ಅಳತೆಯ ಬಿಳಿ ಡ್ರಾಯಿಂಗ್ ಶೀಟ್ ತನ್ನಿ. ಸುರುಳಿ ಸುತ್ತಿ ತನ್ನಿ, ಮಡಿಸಬೇಡಿ. ಮಡಿಕೆಯ ಗೆರೆ ಯಾವ ಇಸ್ತ್ರಿಗೂ ಹೋಗುವುದಿಲ್ಲ. ಹಾಳೆಯ ಮೇಲ್ತುದಿಯನ್ನು ಗೋಡೆಗೆ ಟೇಪಿನಿಂದ ಅಂಟಿಸಿ, ಕೆಳತುದಿಯನ್ನು ಮೇಜಿನ ಮೇಲೆ ಜಾರುಬಂಡೆಯಂತೆ ಇಳಿಬಿಡಬೇಕು. ಗೋಡೆ ಮತ್ತು ಮೇಜು ಸೇರುವ ಮೂಲೆ ಮಾಯವಾಗಿ, ಗೊಂಬೆ ಕೊನೆಯಿಲ್ಲದ ಬಿಳುಪಿನಲ್ಲಿ ನಿಂತಂತೆ ಕಾಣುತ್ತದೆ. ಕೆಲವು ಚಾರ್ಟ್ ಹಾಳೆಗಳಲ್ಲಿ ಒಂದು ಮುಖ ಮಿನುಗುತ್ತದೆ, ಇನ್ನೊಂದು ಮಂಕು. ಮಂಕಾದ ಮುಖವೇ ಮೇಲಿರಲಿ.

ಅಮೆಜಾನ್‌ನಂಥ ಕಡೆ ಮುಖ್ಯ ಚಿತ್ರಕ್ಕೆ ಅಚ್ಚ ಬಿಳಿ ಹಿನ್ನೆಲೆಯೇ ಬೇಕು, ಚೌಕಟ್ಟಿನ ಶೇ 85ರಷ್ಟು ಜಾಗವನ್ನು ವಸ್ತುವೇ ತುಂಬಿರಬೇಕು. ಆದರೆ ಬಿಳಿ ಹಾಳೆಯನ್ನು ಫೋನ್ ಬಿಳಿಯಾಗಿ ತೋರಿಸುವುದಿಲ್ಲ. ದೃಶ್ಯವೆಲ್ಲ ಬೆಳ್ಳಗಿದ್ದರೆ ಬೆಳಕು ಜಾಸ್ತಿಯಾಗಿದೆ ಎಂದುಕೊಂಡು ತಾನೇ ಕಡಿಮೆ ಮಾಡಿಕೊಳ್ಳುತ್ತದೆ, ಹಾಳೆ ಬೂದಿಯಾಗುತ್ತದೆ. ಪರದೆಯ ಮೇಲೆ ಗೊಂಬೆಯನ್ನು ಒತ್ತಿ ಹಿಡಿದು ಫೋಕಸ್ ಗಟ್ಟಿ ಮಾಡಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಿರಿ. ಹಾಳೆ ಬೆಳ್ಳಗಾಗಬೇಕು, ಗೊಂಬೆಯ ಅಂಚು ಕರಗಬಾರದು. ಅವೆರಡರ ನಡುವೆ ಎಲ್ಲಿ ನಿಲ್ಲಿಸಬೇಕು ಎಂಬುದು ಹತ್ತು ಫೋಟೊ ತೆಗೆದ ಮೇಲೆ ಬೆರಳಿಗೇ ಗೊತ್ತಾಗುತ್ತದೆ.

ಬಿಳಿ ಹಿನ್ನೆಲೆಯಲ್ಲಿ ಬಿಳಿ ವಸ್ತು ಇನ್ನೊಂದು ತಲೆನೋವು. ಅರಗು ಹಚ್ಚದ ಆಲೆ ಮರ ಹೆಚ್ಚುಕಡಿಮೆ ದಂತದ ಬಣ್ಣ, ಹಾಳೆಯೊಳಗೆ ಕಳೆದೇ ಹೋಗುತ್ತದೆ. ಇದಕ್ಕೆ ಕಪ್ಪು ಚಾರ್ಟ್‌ನ ಎರಡು ಪಟ್ಟಿ ಕತ್ತರಿಸಿ, ಗೊಂಬೆಯ ಎಡಬಲಕ್ಕೆ, ಚೌಕಟ್ಟಿಗೆ ಸಿಗದಷ್ಟು ಆಚೆ ನಿಲ್ಲಿಸಬೇಕು. ಅಂಚುಗಳಲ್ಲಿ ತೆಳುವಾದ ಕಪ್ಪು ಗೆರೆ ಮೂಡಿ ಆಕಾರ ಎದ್ದು ನಿಲ್ಲುತ್ತದೆ. ಮೊದಲ ಸಲ ಇದನ್ನು ಕಂಡ ಅಮ್ಮ, "ಕಾಡಿಗೆ ತೀಡಿದ ಹಾಗಾಯ್ತಲ್ಲೇ" ಅಂದರು. ಅದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಕಿಟಕಿ, ಪಂಚೆ, ಥರ್ಮಾಕೋಲ್ ಎಲ್ಲ ಸರಿಯಿದ್ದರೂ ಬುಗುರಿಯ ನಡುಮಧ್ಯದಲ್ಲಿ ಫೋನು ಹಿಡಿದ ನನ್ನ ಕಪ್ಪು ಆಕೃತಿ ಉಳಿದೇ ಇರುತ್ತದೆ, ಏಕೆಂದರೆ ನಾನು ಅದರ ಎದುರಿಗೇ ನಿಂತಿರುತ್ತೇನೆ. ಇನ್ನೊಂದು ಬಿಳಿ ಹಾಳೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ತೂತು ಕೊರೆದು, ಫೋನಿನ ಮುಖ್ಯ ಲೆನ್ಸ್ ಮಾತ್ರ ಅದರಲ್ಲಿ ಇಣುಕುವಂತೆ ಮಾಡಿದರೆ ನಾನು ಹಾಳೆಯ ಹಿಂದೆ ಮರೆಯಾಗುತ್ತೇನೆ. ಗೊಂಬೆಯಲ್ಲಿ ಉಳಿಯುವುದು ಕಂಡೂ ಕಾಣದ ಒಂದು ಚುಕ್ಕೆ. ಈ ಕಾರಣಕ್ಕೇ ನನಗೆ ರಿಂಗ್ ಲೈಟ್ ಹಿಡಿಸುವುದಿಲ್ಲ. ಮುಖಕ್ಕೆ ಅದು ಸರಿ, ಹೊಳೆಯುವ ವಸ್ತುವಿಗೆ ಹಿಡಿದರೆ ಪ್ರತಿ ಗೊಂಬೆಯ ಹೊಟ್ಟೆಯಲ್ಲೂ ಒಂದೊಂದು ಬಳೆ.

ಫೋನನ್ನು ಗೊಂಬೆಯ ಮೂಗಿಗೆ ತಾಗಿಸುವಷ್ಟು ಹತ್ತಿರ ಒಯ್ಯುವುದೂ ಬೇಡ. ಹತ್ತಿರದಿಂದ ತೆಗೆದರೆ ಕುದುರೆಯ ಮೂತಿ ಊದಿಕೊಂಡು ಕಾಲು ಸಣ್ಣಗಾಗುತ್ತದೆ. ಎರಡಡಿ ಹಿಂದೆ ಸರಿದು 2 ಪಟ್ಟು ಜೂಮ್ ಮಾಡಿದರೆ ಆಕಾರ ಸರಿಯಾಗಿ ಬರುತ್ತದೆ. ಟ್ರೈಪಾಡ್ ಬದಲಿಗೆ ಸ್ಟೂಲಿನ ಮೇಲೆ ನನ್ನ ಬ್ಯಾಂಕಿಂಗ್ ಗೈಡುಗಳನ್ನು ಪೇರಿಸಿ ಅದಕ್ಕೆ ಫೋನು ಒರಗಿಸುತ್ತೇನೆ. ಆ ದಪ್ಪ ಪುಸ್ತಕಗಳಿಂದ ಈವರೆಗೆ ಖಚಿತವಾಗಿ ಸಿಕ್ಕ ಪ್ರಯೋಜನ ಅದೊಂದೇ! ಬಟನ್ ಒತ್ತುವಾಗ ಅಲುಗದಿರಲು 2 ಸೆಕೆಂಡಿನ ಟೈಮರ್ ಹಾಕಿ. ಲೆನ್ಸನ್ನೂ ಗೊಂಬೆಯನ್ನೂ ಹತ್ತಿ ಬಟ್ಟೆಯಿಂದ ಒರೆಸಿ. ಅರಗಿನ ಮೇಲಿನ ಬೆರಳಚ್ಚು ಕಣ್ಣಿಗೆ ಕಾಣದಿದ್ದರೂ ಫೋಟೊದಲ್ಲಿ ಎದ್ದು ಕಾಣುತ್ತದೆ.

ಹಗಲೆಲ್ಲ ಪುರುಸೊತ್ತಿಲ್ಲದವರು ರಾತ್ರಿ ಏನು ಮಾಡಬೇಕು? ನಮ್ಮಲ್ಲಿ ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬ ಇತ್ತು. ಎಡ, ಬಲ, ಮೇಲೆ ಮೂರೂ ಕಡೆ ಎರಡಿಂಚು ಚೌಕಟ್ಟು ಬಿಟ್ಟು ಕಿಟಕಿಯಂತೆ ಕತ್ತರಿಸಿ ಬಟರ್ ಪೇಪರ್ ಅಂಟಿಸಿದೆ. ಒಳಗೆ ಅದೇ ಜಾರುಬಂಡೆ ಹಾಳೆ. ಎರಡು ಬದಿಗೆ 9 ವಾಟ್‌ನ ಎರಡು ಎಲ್‌ಇಡಿ ಬಲ್ಬ್, ಕಾಗದದಿಂದ ಒಂದಡಿ ದೂರದಲ್ಲಿ. ತೀರಾ ಹತ್ತಿರವಿಟ್ಟರೆ ಕಾಗದದ ಮೇಲೆ ಸಣ್ಣ ವೃತ್ತ ಮಾತ್ರ ಬೆಳಗುತ್ತದೆ, ಆಗ ಕಾಗದ ಇದ್ದೂ ಇಲ್ಲದ ಹಾಗೆ. ಹಳೆಯ ತಂತಿಯ ಬಲ್ಬ್ ಮಾತ್ರ ಬೇಡವೇ ಬೇಡ, ರಟ್ಟು, ಕಾಗದದ ಪಕ್ಕ ಅಷ್ಟು ಬಿಸಿ ಅಪಾಯ. ಡ್ರಾಯಿಂಗ್ ಶೀಟ್, ಕಪ್ಪು ಚಾರ್ಟ್, ಬಟರ್ ಪೇಪರ್, ಬಲ್ಬ್, ಹೋಲ್ಡರ್, ವೈರು ಎಲ್ಲ ಸೇರಿ ನನಗೆ ಆದ ಖರ್ಚು 460 ರೂಪಾಯಿ.

ಬಲ್ಬ್ ಕೊಳ್ಳುವಾಗ ಎರಡೂ ಒಂದೇ ಕಂಪನಿಯದು, ಒಂದೇ ಬಣ್ಣದ್ದು ಇರಲಿ. ಪೊಟ್ಟಣದ ಮೇಲೆ 6500ಕೆ ಎಂದಿದ್ದರೆ ಬೆಳ್ಳನೆಯ ಬೆಳಕು, 2700ಕೆ ಎಂದಿದ್ದರೆ ಹಳದಿ. ಒಂದು ಅದು, ಇನ್ನೊಂದು ಇದು ಹಾಕಿದರೆ ಗೊಂಬೆಯ ಒಂದು ಕೆನ್ನೆ ನೀಲಿ, ಮತ್ತೊಂದು ಹಳದಿ. ಆಮೇಲೆ ಯಾವ ಆ್ಯಪ್‌ನಲ್ಲೂ ಎರಡನ್ನೂ ಒಟ್ಟಿಗೆ ಸರಿಪಡಿಸಲಾಗದು. ಕೋಣೆಯ ಟ್ಯೂಬ್‌ಲೈಟನ್ನೂ ಆರಿಸಿಬಿಡಿ. ಫೋಟೊದಲ್ಲಿ ಅಡ್ಡಡ್ಡ ಪಟ್ಟಿಗಳು ಬಂದರೆ ಫೋನ್ ಕೆಟ್ಟಿಲ್ಲ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್, ಅಗ್ಗದ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಪ್ರೊ ಮೋಡ್‌ನಲ್ಲಿ ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟಿ ಹೋಗುತ್ತದೆ.

ನಮ್ಮ ಮನೆಯಲ್ಲಿ ಅತಿ ಹೆಚ್ಚು ವಾದ ನಡೆದದ್ದು ಬಣ್ಣದ ಮೇಲೆ. ಪ್ರತಿ ಫೋಟೊ ಆದ ಮೇಲೆ ಅಪ್ಪ ಗೊಂಬೆಯನ್ನು ಫೋನಿನ ಪಕ್ಕ ಹಿಡಿದು ನೋಡುತ್ತಿದ್ದರು. ಅರಿಶಿನದ ಹಳದಿ, ನೀಲಿ ಒಪ್ಪಿಗೆಯಾದವು. ಬಲ್ಬಿನಲ್ಲಿ ತೆಗೆದ ಕೆಂಪಿಗೆ ಮಾತ್ರ ತಲೆಯಾಡಿಸಿ, "ಇದು ನಮ್ಮ ಕೆಂಪಲ್ಲ" ಅಂದರು. ನಾನು ಫಿಲ್ಟರ್ ಹಾಕಿ ತೋರಿಸಿದೆ. "ಇದೂ ಅಲ್ಲ. ಇದು ಚೆನ್ನಾಗೈತೆ, ಆದ್ರೆ ನಮ್ದಲ್ಲ." ಅವರ ಕಣ್ಣು ಹೇಳಿದ್ದು ನಿಜವೇ. ಅಗ್ಗದ ಎಲ್‌ಇಡಿ ಬೆಳಕಿನಲ್ಲಿ ಗಾಢ ಕೆಂಪಿನ ಪಾಲು ಕಡಿಮೆ. ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಳತೆಯಿದೆ, ಗರಿಷ್ಠ 100. ಸಾಮಾನ್ಯ ಬಲ್ಬುಗಳದು 80ರ ಆಸುಪಾಸು. 90 ದಾಟಿದ್ದು ಸಿಗುತ್ತದೆ, ಬೆಲೆ ಜಾಸ್ತಿ. ಕೊನೆಗೆ ಕೆಂಪು ಗೊಂಬೆಗಳನ್ನೆಲ್ಲ ಕಿಟಕಿಗೇ ಮೀಸಲಿಟ್ಟೆವು. ಬಣ್ಣ ಬೇರೆಯಿದೆ ಎಂದು ಒಂದು ಪಾರ್ಸೆಲ್ ವಾಪಸ್ ಬಂದರೆ ಎರಡು ಕಡೆಯ ಸಾಗಣೆ ಖರ್ಚಿನಲ್ಲಿ ಮೂರು ಗಿಲಕಿಯ ಲಾಭ ಹೋಗುತ್ತದೆ.

ಆ್ಯಪ್‌ನಲ್ಲಿ ಹಿನ್ನೆಲೆ ಅಳಿಸಿದರೆ ಇಷ್ಟೆಲ್ಲ ಏಕೆ ಎಂದು ಗೆಳೆಯರು ಕೇಳುತ್ತಾರೆ. ಅಳಿಸಿ ನೋಡಿದ್ದೇನೆ. ಎಳೆದಾಡುವ ಬಂಡಿಯ ದಾರ ಅರ್ಧಕ್ಕೇ ತುಂಡಾಗಿರುತ್ತದೆ, ಚಕ್ರದ ಸಂದುಗಳು ತುಂಬಿರುತ್ತವೆ. ನೆರಳು ಹೋಗಿ ಗೊಂಬೆ ಗಾಳಿಯಲ್ಲಿ ತೇಲುತ್ತದೆ. ಮೈಮೇಲೆ ಬಿದ್ದ ಟ್ಯೂಬ್‌ಲೈಟಿನ ಪ್ರತಿಬಿಂಬವಂತೂ ಅಲ್ಲೇ ಇರುತ್ತದೆ.

ಮುಖ್ಯ ಚಿತ್ರ ಬಿಟ್ಟು ಉಳಿದವಕ್ಕೆ ಸ್ವಲ್ಪ ಸ್ವಾತಂತ್ರ್ಯವಿದೆ. ಅಜ್ಜಿಯ ಕಾಲದ ಈಚಲು ಚಾಪೆ, ಗೋಣಿಚೀಲ, ಕೆಂಪು ಗಾರೆ ನೆಲ ಎಲ್ಲವೂ ಒಳ್ಳೆಯ ಹಿನ್ನೆಲೆಗಳೇ. ಕೆಂಪು ನೆಲ ಮಾತ್ರ ಬಿಳಿ ಮರದ ಮೇಲೆ ತನ್ನ ಛಾಯೆ ಚೆಲ್ಲುತ್ತದೆ. ಅಮ್ಮನ ಅಂಗೈಯಲ್ಲಿ ಗಿಲಕಿ ಇಟ್ಟು ತೆಗೆದ ಚಿತ್ರ ನಮಗೆ ಹೆಚ್ಚು ವಿಚಾರಣೆ ತಂದಿತು. ಅಳತೆ ಎಷ್ಟೆಂದು ಯಾರೂ ಮತ್ತೆ ಕೇಳಲಿಲ್ಲ.

ಇದರಿಂದ ಆದದ್ದೇನು? ದೊಡ್ಡ ಕತೆಯಿಲ್ಲ. ಬೆಂಗಳೂರಿನ ಒಂದು ಮಕ್ಕಳ ಶಾಲೆಯವರು ಉಂಗುರ ಜೋಡಿಸುವ ಆಟಿಕೆ 40 ತರಿಸಿಕೊಂಡರು, ಎರಡು ತಿಂಗಳ ನಂತರ ಮತ್ತೆ 40. ಲೇತ್ ಈಗ ವಾರಕ್ಕೆ ನಾಲ್ಕು ದಿನ ಓಡುತ್ತದೆ. ನಮ್ಮ ಬೀದಿಯ ಇನ್ನಿಬ್ಬರು ಕುಶಲಕರ್ಮಿಗಳ ಗೊಂಬೆಗಳನ್ನೂ ತೆಗೆದುಕೊಡುತ್ತೇನೆ, ಒಂದು ವಸ್ತುವಿಗೆ 30 ರೂಪಾಯಿ. ತಿಂಗಳಿಗೆ ನಾಲ್ಕೈದು ಸಾವಿರ ಬರುತ್ತದೆ. ಇದನ್ನು ಉದ್ಯೋಗ ಎಂದು ಕರೆಯಲು ಮನೆಯಲ್ಲಿ ಯಾರೂ ಸಿದ್ಧರಿಲ್ಲ, ನಾನೂ ಪರೀಕ್ಷೆ ಬರೆಯುವುದನ್ನು ಬಿಟ್ಟಿಲ್ಲ. ಅರ್ಜಿ ಶುಲ್ಕಕ್ಕೆ ಅಪ್ಪನ ಹತ್ತಿರ ಕೈ ಚಾಚುವುದು ಮಾತ್ರ ನಿಂತಿದೆ.

ಸದ್ಯಕ್ಕೆ ಎದುರಿಗಿರುವುದು ಮಗು ಕೂತು ತೂಗುವ ಕುದುರೆ. ಅದು ಮಿಕ್ಸಿ ಡಬ್ಬಕ್ಕೆ ಹಿಡಿಸುವುದಿಲ್ಲ, ಡ್ರಾಯಿಂಗ್ ಶೀಟೂ ಸಾಲದು. ತಾರಸಿಯ ಮೇಲೆ ಬಟ್ಟೆ ಒಣಹಾಕುವ ತಂತಿಗೆ ಎರಡು ಬಿಳಿ ಬೆಡ್‌ಶೀಟ್ ಹೊಲಿದು ಇಳಿಬಿಟ್ಟಿದ್ದೇವೆ, ಗಾಳಿಗೆ ಹಾರದಂತೆ ಕೆಳಗೆ ಇಟ್ಟಿಗೆ ಪೇರಿಸಿದ್ದೇವೆ. ಮೂರು ದಿನದಿಂದ ಬಿಸಿಲು ಚುರುಗುಟ್ಟುತ್ತಿದೆ. ಮೋಡಕ್ಕಾಗಿ ಕಾಯುತ್ತಿದ್ದೇನೆ.