ಬಸವನ ಊರಿನಲ್ಲಿ ನೆನೆದ ನಿಷಿದ್ಧ ಪುಸ್ತಕಗಳು

ಬಳ್ಳಾರಿಯಿಂದ ಕಂಪ್ಲಿಯ ಕಡೆಗೆ ಹೋಗುವ ಹಾದಿಯಲ್ಲಿ ಕುರುಗೋಡು ಎಂಬ ಊರಿದೆ. ಬೆಟ್ಟದ ಮೇಲೆ ಹಳೆಯ ಕೋಟೆ. ಊರೊಳಗೆ ದೊಡ್ಡ ಬಸವೇಶ್ವರನ ಗುಡಿ. ಅಲ್ಲಿಯ ಏಕಶಿಲೆಯ ಬಸವನೆದುರು ನಿಂತವನಿಗೆ ತಾನೆಷ್ಟು ಚಿಕ್ಕವನೆಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ಕಲ್ಯಾಣದಲ್ಲಿ ಶರಣರ ವಚನಗಳು ಮೊಳಗಿದ ಹನ್ನೆರಡನೆಯ ಶತಮಾನದಲ್ಲಿ ಈ ಊರು ಸಿಂದ ಅರಸರ ರಾಜಧಾನಿಯಾಗಿದ್ದಿತು. ಗುಡಿಯ ಬಸವನೇ ಬೇರೆ, ಕಲ್ಯಾಣದ ಬಸವಣ್ಣನವರೇ ಬೇರೆ ಎಂದು ಪಂಡಿತರು ತಿದ್ದಬಹುದು. ಆದರೂ ಈ ಸೀಮೆಯಲ್ಲಿ ಬಸವ ಎಂಬ ಹೆಸರು ಕಿವಿಗೆ ಬೀಳದ ದಿನವಿಲ್ಲ.

ಇಂತಹ ಊರಿನ ತರುಣನೊಬ್ಬನು ಬಸವಣ್ಣನವರನ್ನು ಕುರಿತ ಕಾದಂಬರಿಯೊಂದನ್ನು ಓದಬೇಕೆಂದು ಗ್ರಂಥಾಲಯಕ್ಕೆ ಹೋದನೆನ್ನಿ. ಅವನು ಕೇಳಿದ್ದು ಡಾ. ಪಿ. ವಿ. ನಾರಾಯಣ ಅವರ 'ಧರ್ಮಕಾರಣ'ವಾದರೆ ಗ್ರಂಥಪಾಲರು ಇಲ್ಲವೆಂದು ತಲೆಯಾಡಿಸಬೇಕಾಗುತ್ತದೆ. 1995ರಲ್ಲಿ ಹೊರಬಂದು ಬಹುಮಾನವನ್ನೂ ಪಡೆದಿದ್ದ ಆ ಕಾದಂಬರಿಯನ್ನು 1997ರಲ್ಲಿ ರಾಜ್ಯ ಸರಕಾರವು ಮುಟ್ಟುಗೋಲು ಹಾಕಿಕೊಂಡಿತು. ಬಸವಣ್ಣನವರ ಸೋದರಿ ಅಕ್ಕನಾಗಮ್ಮನವರ ಚಿತ್ರಣವು ಭಕ್ತರ ಮನಸ್ಸನ್ನು ನೋಯಿಸಿತೆಂಬುದು ಆಕ್ಷೇಪ. ಸಾಹಿತಿ ಬರಗೂರು ರಾಮಚಂದ್ರಪ್ಪ ಮೊದಲಾದವರು ನ್ಯಾಯಾಲಯದ ಮೆಟ್ಟಿಲೇರಿದರು. 2007ರ ಮೇ 2ರಂದು ಸುಪ್ರೀಂ ಕೋರ್ಟು ಸರಕಾರದ ಆಜ್ಞೆಯನ್ನೇ ಎತ್ತಿಹಿಡಿಯಿತು.

ಆ ನೋವು ಸುಳ್ಳೆಂದು ನಾವು ಹೇಳುವುದಿಲ್ಲ. ತಾಯಿಯಂತೆ ಪೂಜಿಸುವವರ ವಿಷಯದಲ್ಲಿ ಹಗುರವಾದ ಮಾತು ಬಂದಿತೆನಿಸಿದರೆ ಯಾರಿಗೂ ಕರುಳು ಚುರ್ರೆನ್ನುವುದು ಸಹಜ. ಆದರೆ ಆ ಮಾತು ನಿಜವಾಗಿ ಹಗುರವೋ ಅಲ್ಲವೋ ಎಂಬುದನ್ನು ಪುಸ್ತಕ ಓದಿಯಲ್ಲವೆ ನಿರ್ಣಯಿಸಬೇಕು? ಅಧಿಕಾರಿಗಳು ಓದಿದರು, ವಕೀಲರು ಓದಿದರು, ನ್ಯಾಯಾಧೀಶರು ಓದಿದರು. ಕುರುಗೋಡಿನ ನಮ್ಮ ತರುಣನು ಮಾತ್ರ ಓದುವಂತಿಲ್ಲ!

ಮುಟ್ಟುಗೋಲು ಎಂದರೆ ಅಂಗಡಿಯಲ್ಲಿ ಮಾರಾಟ ನಿಲ್ಲುವುದಷ್ಟೇ ಎಂದು ಅನೇಕರು ತಿಳಿದಿದ್ದಾರೆ. ಕಾನೂನಿನ ಕೈ ಅದಕ್ಕಿಂತ ಉದ್ದವಾದುದು. ದಂಡ ಪ್ರಕ್ರಿಯಾ ಸಂಹಿತೆಯ 95ನೆಯ ಕಲಮಿನ ಪ್ರಕಾರ ಪುಸ್ತಕದ ಪ್ರತಿಯೊಂದು ಪ್ರತಿಯೂ ಸರಕಾರದ ಸ್ವತ್ತಾಗುತ್ತಿದ್ದಿತು. ಮ್ಯಾಜಿಸ್ಟ್ರೇಟರ ವಾರಂಟು ಹಿಡಿದು ಸಬ್ ಇನ್ಸ್‌ಪೆಕ್ಟರ ದರ್ಜೆಗೆ ಕಡಿಮೆಯಲ್ಲದ ಪೊಲೀಸು ಅಧಿಕಾರಿಯು ಸಂಶಯವಿದ್ದ ಯಾವ ಜಾಗವನ್ನಾದರೂ ಶೋಧಿಸಬಹುದಾಗಿದ್ದಿತು. 2024ರ ಜುಲೈಯಲ್ಲಿ ಹೊಸ ಸಂಹಿತೆ ಜಾರಿಗೆ ಬಂದಾಗ ಇದೇ ಅಧಿಕಾರವು 98ನೆಯ ಕಲಮಾಗಿ ಮುಂದುವರಿಯಿತು. ಆಜ್ಞೆಯನ್ನು ಪ್ರಶ್ನಿಸುವವರು ಎರಡು ತಿಂಗಳೊಳಗೆ ಹೈಕೋರ್ಟಿಗೆ ಅರ್ಜಿ ಹಾಕಬೇಕು. ಗೆಜೆಟ್ಟನ್ನು ತಪ್ಪದೆ ಓದುವ ಸಂಸಾರಸ್ಥರು ನಮ್ಮಲ್ಲಿ ಎಷ್ಟು ಮಂದಿ?

ಎಲ್ಲ ಪುಸ್ತಕಗಳನ್ನೂ ಕಾನೂನೇ ಅಡಗಿಸಬೇಕೆಂದಿಲ್ಲ. ಎಚ್. ಎಸ್. ಶಿವಪ್ರಕಾಶರ 'ಮಹಾಚೈತ್ರ' ನಾಟಕವು ವಿದ್ಯಾರ್ಥಿಗಳಿಗೆ ಪಠ್ಯವಾಗಿದ್ದಾಗ, 1995ರಲ್ಲಿ, ಅದನ್ನು ಪಾಠಪಟ್ಟಿಯಿಂದ ಕಿತ್ತುಹಾಕಬೇಕೆಂಬ ಚಳವಳಿಯೆದ್ದಿತು. ಅದಕ್ಕೂ ಮುಂಚೆ, 1989ರಲ್ಲಿ, ಡಾ. ಎಂ. ಎಂ. ಕಲಬುರ್ಗಿಯವರು 'ಮಾರ್ಗ'ದ ಲೇಖನಗಳಲ್ಲಿ ಶರಣರ ಕುಟುಂಬದ ಬಗೆಗೆ ಬರೆದ ಮಾತುಗಳನ್ನು ಒತ್ತಡಕ್ಕೆ ಮಣಿದು ಹಿಂದೆಗೆದುಕೊಂಡರು. ಮುಂದೆ ಅವರೇ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾದರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಂದರು.

ಇನ್ನು ನಮ್ಮ ವಾದಕ್ಕೆ ತೊಡಕಾಗುವ ಪ್ರಸಂಗವೊಂದನ್ನೂ ಮುಚ್ಚಿಡಬಾರದು. ಮಾತೆ ಮಹಾದೇವಿಯವರು 'ಬಸವ ವಚನ ದೀಪ್ತಿ'ಯಲ್ಲಿ 'ಕೂಡಲಸಂಗಮದೇವ' ಎಂಬ ಅಂಕಿತವನ್ನು ತೆಗೆದು 'ಲಿಂಗದೇವ' ಎಂದು ಅಚ್ಚು ಮಾಡಿಸಿದರು. ಸರಕಾರವು 1998ರಲ್ಲಿ ಆ ಗ್ರಂಥವನ್ನು ನಿಷೇಧಿಸಿತು. 2017ರಲ್ಲಿ ಸುಪ್ರೀಂ ಕೋರ್ಟು ಅವರ ಮನವಿಯನ್ನು ತಳ್ಳಿಹಾಕಿತು. ಕವಿಯ ಅಂಕಿತವನ್ನು ಬದಲಿಸುವುದು ನಮಗೂ ಸರಿತೋರದು. ಆದರೆ ಅದಕ್ಕೆ ಮದ್ದು ಶುದ್ಧಪಾಠದ ವಚನ ಸಂಪುಟ. ಅದು ಕಡಮೆ ಬೆಲೆಗೆ ಮನೆಮನೆಗೂ ದೊರೆಯುವಂತಾದರೆ ಮೂಲ ಯಾವುದು, ತಿದ್ದುಪಡಿ ಯಾವುದು ಎಂದು ಹೈಸ್ಕೂಲು ಹುಡುಗಿಯೂ ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಿಕೊಡುವಳು.

"ಹಾಗಾದರೆ ಮಕ್ಕಳ ಕೈಗೆ ಸಿಕ್ಕಿದ್ದನ್ನೆಲ್ಲ ಕೊಡೋಣವೆ?" ಎಂದು ಗೃಹಿಣಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಐದನೆಯ ತರಗತಿಗೆ ತಕ್ಕ ಪುಸ್ತಕವನ್ನು ಉಪಾಧ್ಯಾಯರು ಆರಿಸುವುದು ಆಯ್ಕೆ. ತಾಯಿ ತನ್ನ ಮಗನಿಗೆ ಇಂಥದು ಈಗ ಬೇಡವೆನ್ನುವುದು ಮನೆವಾರ್ತೆ. ಎದುರುಮನೆಯ ಮಗನೂ ಅವನ ತಂದೆಯೂ ಅದನ್ನು ಓದಕೂಡದೆಂದು ಕಪಾಟಿಗೆ ಬೀಗ ಜಡಿಸಹೊರಟಾಗಲೇ ನಿಷೇಧ ಹುಟ್ಟುವುದು.

ಆ ಕಪಾಟಿನ ವಿಷಯದಲ್ಲಿ ಬಳ್ಳಾರಿಯವರಿಗೆ ತುಸು ಹೆಚ್ಚಿನ ಹಕ್ಕೇ ಉಂಟೆನ್ನಬೇಕು. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವ ತನಕ ಈ ಸೀಮೆ ಮದರಾಸಿನಲ್ಲಿದ್ದಿತು. ಮದರಾಸು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯನ್ನು 1948ರಲ್ಲಿಯೇ ಮಾಡಿತ್ತು. ಮೈಸೂರಿನ ಕಾಯಿದೆ ಬಂದುದು 1965ರಲ್ಲಿ. ಅಂದಿನಿಂದ ಮನೆಗಂದಾಯದೊಡನೆ ಗ್ರಂಥಾಲಯ ಕರವನ್ನು ನಾವೇ ತೆರುತ್ತ ಬಂದಿದ್ದೇವೆ. ಅದೇ ಮದರಾಸಿನ ಹೈಕೋರ್ಟು 2016ರ ಜುಲೈ 5ರಂದು, ಪ್ರತಿಭಟನೆಗೆ ಬೇಸತ್ತು ಲೇಖನಿ ಕೆಳಗಿಟ್ಟಿದ್ದ ತಮಿಳು ಕಾದಂಬರಿಕಾರ ಪೆರುಮಾಳ್ ಮುರುಗನ್ ಅವರ ಪರವಾಗಿ ತೀರ್ಪಿತ್ತಿತು. ಪುಸ್ತಕ ಹಿಡಿಸದವರು ಅದನ್ನು ಓದದೆ ಬಿಡಬಹುದೆಂಬುದು ಆ ತೀರ್ಪಿನ ಸಾರ. ಮುರುಗನ್ನರು ಮತ್ತೆ ಬರೆಯತೊಡಗಿದರು.

ಅಮೆರಿಕದ ಗ್ರಂಥಾಲಯಗಳಲ್ಲಿ ಒಂದು ಪದ್ಧತಿಯುಂಟು. ಪುಸ್ತಕವನ್ನು ಆಕ್ಷೇಪಿಸುವವರು ಬರಹದಲ್ಲಿ ದೂರು ಕೊಡಬೇಕು. ಪೂರ್ತಿ ಓದಿದ್ದೀರಾ ಎಂದು ಅವರನ್ನು ಕೇಳಲಾಗುತ್ತದೆ. ಸಮಿತಿಯೊಂದು ಪುಸ್ತಕವನ್ನು ಓದಿ ನಿರ್ಣಯಿಸುವವರೆಗೂ ಅದು ಕಪಾಟಿನಲ್ಲಿಯೇ ಇರಬೇಕೆಂಬುದು ಅಲ್ಲಿಯ ಗ್ರಂಥಾಲಯ ಸಂಘದ ಸಲಹೆ. ನಮ್ಮ ಶಾಲೆಗಳಿಗೂ ವಾಚನಾಲಯಗಳಿಗೂ ಇದನ್ನು ತರುವುದಕ್ಕೆ ದೊಡ್ಡ ಹಣವೇನೂ ಬೇಡ. ಅಚ್ಚು ಹಾಕಿಸಿದ ಒಂದು ಹಾಳೆಯ ಅರ್ಜಿ, ಇಬ್ಬರು ಉಪಾಧ್ಯಾಯರು, ಇಬ್ಬರು ಓದುಗರು, ಓದಲು ಒಂದು ತಿಂಗಳ ಅವಕಾಶ, ಇಷ್ಟಿದ್ದರೆ ಕುರುಗೋಡಿನಲ್ಲಿಯೇ ಆರಂಭಿಸಬಹುದು.