ಹಲ್ಲಿನ ಹುಳುಕು

ಹಲ್ಲು ನೋಯತೊಡಗಿದರೆ, ಹುಳು ಬಿದ್ದಿದೆಯೆಂದು ಹೇಳುವುದು ನಮ್ಮಲ್ಲಿ ವಾಡಿಕೆ. ಈ ನಂಬಿಕೆ ನಮ್ಮ ದೇಶದ್ದು ಮಾತ್ರವಲ್ಲ. ಪ್ರಾಚೀನ ಕಾಲದ ಅನೇಕ ಜನಾಂಗಗಳು ಹೀಗೆಯೇ ತಿಳಿದಿದ್ದವು. ಹಲ್ಲನ್ನು ಕೊರೆಯುವ ಹುಳುವೆಂಬುದು ಇಲ್ಲ. ಆದರೂ ಬಾಯಲ್ಲಿ ಜೀವಿಗಳಿವೆಯೆಂಬುದು ಸುಳ್ಳಲ್ಲ. ಹಾಲೆಂಡಿನ ಲೇವನ್‌ಹುಕ್ ಎಂಬಾತನು ಹಲ್ಲಿನ ಸಂದಿಯ ಬಿಳಿಯ ಪಾಚಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಅದರಲ್ಲಿ ಅಸಂಖ್ಯ ಜೀವಿಗಳು ಓಡಾಡುತ್ತಿದ್ದುದನ್ನು 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ಇವು ಹಲ್ಲನ್ನು ಕೆಡಿಸುವ ಬಗೆಯನ್ನು ಮಿಲ್ಲರ್ ಎಂಬ ವಿದ್ವಾಂಸನು 1890ರಲ್ಲಿ ವಿವರಿಸಿದನು.

ಆ ಬಗೆ ಇಂತಿದೆ. ನಾವು ತಿಂದ ಸಕ್ಕರೆ ಬೆಲ್ಲಗಳೇ ಈ ಜೀವಿಗಳಿಗೂ ಆಹಾರ. ಅವು ಅದನ್ನು ಜೀರ್ಣಿಸಿಕೊಂಡು ಆಮ್ಲವನ್ನು ಹೊರಬಿಡುತ್ತವೆ. ಹಲ್ಲಿನ ಹೊರಗವಚವಾದ ಎನಾಮಲ್ ನಮ್ಮ ದೇಹದಲ್ಲೆಲ್ಲಾ ಅತ್ಯಂತ ಗಟ್ಟಿಯಾದ ವಸ್ತು. ಆದರೂ ಆಮ್ಲದ ಮುಂದೆ ಅದರ ಗಟ್ಟಿತನ ನಿಲ್ಲದು. ಅದರೊಳಗಿನ ಸುಣ್ಣದ ಅಂಶ ಕರಗತೊಡಗುತ್ತದೆ. ಸುದೈವದಿಂದ, ಲಾಲಾರಸವು ಆಮ್ಲದ ಬಲವನ್ನು ತಗ್ಗಿಸಿ, ಕಳೆದುಹೋದ ಅಂಶವನ್ನು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ತುಂಬುತ್ತದೆ. ಈ ಕಾರ್ಯಕ್ಕೆ ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಕಾಲ ಬೇಕು.

ಆದಕಾರಣ ಎಷ್ಟು ಸಿಹಿ ತಿಂದೆವೆಂಬುದರ ಜೊತೆಗೆ, ಎಷ್ಟು ಸಲ ತಿಂದೆವೆಂಬುದನ್ನೂ ವಿಚಾರಿಸತಕ್ಕದ್ದು. ಹಬ್ಬದ ಊಟದೊಡನೆ ಎರಡು ಹೋಳಿಗೆ ತಿಂದವನ ಹಲ್ಲಿಗೆ ಒಂದೇ ಬಾರಿ ಪೆಟ್ಟು. ಗಂಟೆಗೊಮ್ಮೆ ಸಿಹಿ ಕಾಫಿಯನ್ನು ಗುಟುಕರಿಸುತ್ತ, ನಡುನಡುವೆ ಪೆಪ್ಪರ್‌ಮಿಂಟು ಚೀಪುವವನ ಹಲ್ಲಿಗೆ ಚೇತರಿಸಿಕೊಳ್ಳಲು ಬಿಡುವೇ ಇಲ್ಲ. ಸ್ವೀಡನ್ ದೇಶದ ವಿಪೆಹೋಮ್ ಆಸ್ಪತ್ರೆಯಲ್ಲಿ ನಡೆದು 1954ರಲ್ಲಿ ಪ್ರಕಟವಾದ ಪ್ರಯೋಗವು ಇದನ್ನು ಸ್ಥಿರಪಡಿಸಿತು: ಊಟಗಳ ನಡುವೆ ತಿಂದ ಅಂಟು ಮಿಠಾಯಿಯೇ ಹೆಚ್ಚು ಹಾನಿಕರ. ಒಪ್ಪಿಗೆ ಕೊಡಲಾರದ ಬುದ್ಧಿಮಾಂದ್ಯರ ಮೇಲೆ ಈ ಪ್ರಯೋಗವನ್ನು ನಡೆಸಿದ್ದರು. ಆ ಜ್ಞಾನಕ್ಕೆ ಅವರ ಹಲ್ಲುಗಳೇ ಬೆಲೆಯಾದುವೆಂಬುದನ್ನು ನಾವು ಮರೆಯಬಾರದು.

ತಾಯಿತಂದೆಗಳು ಮುಖ್ಯವಾಗಿ ಗಮನಿಸಬೇಕಾದ ವಿಷಯವೊಂದುಂಟು. ಮಗುವಿಗೆ ಸುಮಾರು ಆರು ವರ್ಷವಾದಾಗ, ಹಾಲುಹಲ್ಲುಗಳ ಸಾಲಿನ ಹಿಂದೆ ದೊಡ್ಡ ದವಡೆಹಲ್ಲೊಂದು ಮೂಡುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ. ಆದ್ದರಿಂದ ಅದನ್ನೂ ಹಾಲುಹಲ್ಲೆಂದು ಭಾವಿಸಿ, ಹುಳುಕಾದರೂ ಬಿದ್ದುಹೋಗುವುದೆಂದು ಸುಮ್ಮನಿರುವವರುಂಟು. ಅದು ಬಾಳಿನುದ್ದಕ್ಕೂ ಇರಬೇಕಾದ ಹಲ್ಲು. ಹೋದರೆ ಮತ್ತೆ ಬಾರದು. ಹಾಲುಹಲ್ಲುಗಳನ್ನೂ ಅಲಕ್ಷಿಸಲಾಗದು, ಅವು ಮುಂದೆ ಬರುವ ಹಲ್ಲುಗಳಿಗೆ ಸ್ಥಳವನ್ನು ಕಾದಿರಿಸಿಕೊಡುತ್ತವೆ.

ಇನ್ನು ಉಜ್ಜುವ ವಿಚಾರ. ಇದ್ದಿಲು, ಇಟ್ಟಿಗೆಪುಡಿಗಳು ಹಲ್ಲನ್ನು ಬೆಳಗುವಂತೆ ಕಂಡರೂ ಕವಚವನ್ನು ಸವೆಸುತ್ತವೆ. ಮೃದುವಾದ ಬ್ರಷ್ಷಿನಿಂದ, ಫ್ಲೋರೈಡ್ ಸೇರಿದ ಪೇಸ್ಟಿನಿಂದ ದಿನಕ್ಕೆರಡು ಬಾರಿ ಉಜ್ಜುವುದು ಮೇಲು. ರಾತ್ರಿ ಮಲಗುವಾಗಿನ ಉಜ್ಜುವಿಕೆಯನ್ನು ಬಿಡಲೇಬಾರದು. ನಿದ್ರೆಯಲ್ಲಿ ಲಾಲಾರಸವು ಬಹಳ ಕಡಿಮೆಯಾಗುತ್ತದೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಬಟಾಣಿಯಷ್ಟು ಪೇಸ್ಟು ಸಾಕು. ಅದನ್ನು ನುಂಗದೆ ಉಗುಳುವುದನ್ನು ಕಲಿಸಬೇಕು. ಫ್ಲೋರೈಡ್ ಮಿತಿಯಲ್ಲಿದ್ದರೆ ಹಲ್ಲಿಗೆ ರಕ್ಷೆ, ಮೀರಿದರೆ ಕೇಡು. ಕೋಲಾರ, ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಅನೇಕ ಕಡೆ ಅಂತರ್ಜಲದಲ್ಲಿ ಇದು ಹೆಚ್ಚಾಗಿದ್ದು, ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆಗಳು ಕಾಣುತ್ತವೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಕುಡಿಯಬಾರದು. ಅಲ್ಲಿಯವರು ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸತಕ್ಕದ್ದು.

ಉಜ್ಜುವಾಗ ಒಸಡಿನಲ್ಲಿ ರಕ್ತ ಕಂಡರೆ ಹೆದರಿ ಉಜ್ಜುವುದನ್ನೇ ನಿಲ್ಲಿಸುವುದು ಸರಿಯಲ್ಲ. ಅಲ್ಲಿ ಪಾಚಿ ಕಟ್ಟಿರುವುದೇ ಸಾಮಾನ್ಯವಾಗಿ ಅದಕ್ಕೆ ಕಾರಣ. ಮೃದುವಾಗಿ ಉಜ್ಜುತ್ತ ದಂತವೈದ್ಯರನ್ನು ಕಾಣಬೇಕು. ಸಕ್ಕರೆಕಾಯಿಲೆಯವರಿಗಂತೂ ಇದು ಅತ್ಯವಶ್ಯ. ಊಟದ ಮೇಲಿನ ತಾಂಬೂಲ ನಮಗೆ ಪ್ರಿಯವಾದರೂ, ಹೊಗೆಸೊಪ್ಪಿನಂತೆ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ತಜ್ಞರ ಮಂಡಲಿಯು 2004ರಲ್ಲಿ ಪ್ರಕಟಿಸಿತು. ಬಾಯಿಯ ಹುಣ್ಣು ಎರಡು ವಾರಗಳಾದರೂ ಮಾಯದಿದ್ದರೆ ತಡಮಾಡಲಾಗದು.

ಹುಳುಕು ಆರಂಭದಲ್ಲಿ ನೋಯುವುದಿಲ್ಲ. ನೋವು ಕಾಣಿಸಿಕೊಳ್ಳುವ ಹೊತ್ತಿಗೆ ಅದು ಬಹುದೂರ ಸಾಗಿರುತ್ತದೆ. ಆದ್ದರಿಂದ ನೋವಿಲ್ಲದಿರುವಾಗಲೇ ವೈದ್ಯರಿಗೆ ಬಾಯಿ ತೋರಿಸುವುದು ವಿವೇಕ.